ಕಂಪನಿ ಸೆಟ್ಟಿಗೆ ದುಬೈಯ ಬಾಸ್ ಬಾಕ್ಸ್

ತೊಂಬತ್ತರ ದಶಕದಲ್ಲಿ ನನಗೆ ಅನ್ನ ಹಾಕಿದ್ದು ಬಸ್ಸುಗಳು. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಟೇಪ್ ಇಲ್ಲದಿದ್ದರೆ ಕಾಲೇಜಿನ ಮಕ್ಕಳು ಹಿಂದಿನ ಬಸ್ಸಿಗೆ ಕಾಯುತ್ತಿದ್ದ ಕಾಲ ಅದು. ಟೇಪ್ ಸೆಟ್ ಹಾಕುವ ಕೆಲಸ ನನಗೆ ಯಾರೂ ಕಲಿಸಿದ್ದಲ್ಲ. ಗುಜರಿಯಿಂದ ಹಾಳಾದ ಸೆಟ್ಟುಗಳನ್ನು ತಂದು, ಬಿಚ್ಚಿ, ಸುಟ್ಟು, ಪುನಃ ಬಿಚ್ಚಿ ಕಲಿತೆ. ಮೂಡುಬಿದಿರೆಯಲ್ಲಿ ಒಂದು ಶಟರಿನ ಅಂಗಡಿಯೂ ಆಯಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಉಪದ್ರ ಸುರುವಾಯಿತು. ಹೊಸ ಕಾರುಗಳು ಕಂಪನಿಯಿಂದಲೇ ಸೆಟ್ ಹಾಕಿಕೊಂಡು ಬರತೊಡಗಿದವು. ಡ್ಯಾಶ್‌ಬೋರ್ಡಿಗೆ ಅಂಟಿಕೊಂಡೇ ಹುಟ್ಟಿದ ಹಾಗಿರುವ ಅದನ್ನು ತೆಗೆದು ಬೇರೆ ಹಾಕಿಸುವ ಗಿರಾಕಿ ಎಲ್ಲಿ ಸಿಗಬೇಕು? ಸೆಟ್ ಮಾರಿ ಬದುಕುವವನ ಮುಂದೆ ಇದ್ದದ್ದು ಒಂದೇ ದಾರಿ: ಕಂಪನಿ ಸೆಟ್ಟನ್ನು ಹಾಗೇ ಬಿಟ್ಟು, ಅದಕ್ಕೆ ಹೊರಗಿನ ಆಂಪ್ಲಿಫೈಯರ್, ಬಾಸ್ ಬಾಕ್ಸ್ ಜೋಡಿಸಿ ಕೊಡುವುದು. ಆ ಕೆಲಸ ಬಾರದಿದ್ದರೆ ಶಟರ್ ಎಳೆಯುವುದು.

ಹಾಗಿರುವಾಗ ಹೊಸ ಕಾರಿನಲ್ಲಿ ಬಂದವರು ಬಂಟ್ವಾಳದ ಒಬ್ಬ ಹಾಜಿಯವರು ಮತ್ತು ದುಬೈಯಿಂದ ರಜೆಯಲ್ಲಿ ಊರಿಗೆ ಬಂದಿದ್ದ ಅವರ ಮಗ. ಹಾಜಿಯವರು ಅಡಿಕೆ ವ್ಯಾಪಾರದವರು. ಮನೆ, ಅಳಿಯಂದಿರು, ತಮ್ಮಂದಿರು ಎಲ್ಲ ಸೇರಿದರೆ ಕಾರುಗಳಿಗೆ ಬರಗಾಲವಿಲ್ಲ. ಅವರು ಒಮ್ಮೆ ತಲೆ ಅಲ್ಲಾಡಿಸಿದರೆ ನನ್ನ ಅಂಗಡಿ ಉಳಿಯಿತು ಅಂತ ಅಲ್ಲೇ ತಿಳಿದುಕೊಂಡೆ. ಮಗ ಕಂಬಳಿಯಲ್ಲಿ ಸುತ್ತಿದ ದುಬೈಯ ಬಾಸ್ ಬಾಕ್ಸ್, ಆಂಪ್ಲಿಫೈಯರ್ ಇಳಿಸಿದ.

"ನೋಡು ಮೇಸ್ತ್ರಿ," ಹಾಜಿಯವರು ಬೆರಳೆತ್ತಿದರು, "ಕಂಪನಿಯ ಒಂದೇ ಒಂದು ವಯರ್ ಕತ್ತರಿಸಿದೆಯಾ, ಇವನ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಹೋಗ್ತೇನೆ."

"ಕತ್ತರಿಯನ್ನು ನೀವೇ ಕಿಸೆಯಲ್ಲಿ ಇಟ್ಟುಕೊಳ್ಳಿ ಹಾಜಿಯವರೇ," ಅಂದೆ.

ಧೈರ್ಯ ಸುಮ್ಮನೆ ಬಂದದ್ದಲ್ಲ. ಕಂಪನಿ ಪ್ಲಗ್ಗಿಗೆ ಸರಿಯಾಗಿ ಕೂರುವ ಗಂಡು-ಹೆಣ್ಣು ಕಪ್ಲರುಗಳನ್ನು ಗುಜರಿಯಲ್ಲಿ ಮೊದಲೇ ಹೆಕ್ಕಿ ಇಟ್ಟಿದ್ದೆ. ಅವನ್ನು ಸೆಟ್ಟಿಗೂ ಪ್ಲಗ್ಗಿಗೂ ನಡುವೆ ಕೂರಿಸಿದೆ. ಹಿಂದಿನ ಸ್ಪೀಕರುಗಳಿಗೆ ಹೋಗುವ ಸದ್ದನ್ನು ಅಲ್ಲಿಂದ, ಆಂಪ್ಲಿಫೈಯರಿಗೆ ಬೇಕಾದಷ್ಟಕ್ಕೆ ತಗ್ಗಿಸುವ ಒಂದು ಸಣ್ಣ ಕನ್ವರ್ಟರಿಗೆ ಕೊಟ್ಟೆ, ಅದರಿಂದ ಆಂಪ್ಲಿಫೈಯರಿಗೆ. ಹಿಂದಿನ ಸ್ಪೀಕರು, ಬಾಸ್ ಬಾಕ್ಸ್ ಎರಡನ್ನೂ ಇನ್ನು ಅದೇ ನಡೆಸಬೇಕು. ನೀವು ಹಾಕಿಸುವುದಿದ್ದರೆ ಎರಡು ಮಾತು ಕೇಳಿಟ್ಟುಕೊಳ್ಳಿ. ಬ್ಯಾಟರಿಯಿಂದ ಬರುವ ದಪ್ಪ ವಯರಿನ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಡಿಕ್ಕಿಯಲ್ಲಿ ಇಟ್ಟರೆ ನಡುದಾರಿಯಲ್ಲಿ ವಯರ್ ಉಜ್ಜಿ ಹೊತ್ತಿಕೊಂಡಾಗ ಅದು ಸುಮ್ಮನೆ ನೋಡುತ್ತಾ ಕೂರುತ್ತದೆ. ಕರೆಂಟಿನ ವಯರನ್ನು ಎಡಬದಿಯಲ್ಲಿ ಎಳೆದರೆ ಹಾಡಿನ ವಯರನ್ನು ಬಲಬದಿಯಲ್ಲಿ ಎಳೆಯಿರಿ. ಒಟ್ಟಿಗೆ ಮಲಗಿಸಿದರೆ ಜಗಳ ಗ್ಯಾರಂಟಿ.

ಇಷ್ಟೆಲ್ಲ ಮಾಡಿ, ಡಿಕ್ಕಿಯ ನೆಲದಲ್ಲಿದ್ದ ಒಂದು ಬೋಲ್ಟಿಗೆ ಆಂಪ್ಲಿಫೈಯರಿನ ಅರ್ತಿನ ವಯರ್ ಬಿಗಿದು, ಸೆಟ್ ಹಾಕಿದೆ. ಹಾಡು ಬಂತು. ಮಗನ ಮುಖ ಅರಳಿತು. ಇಂಜಿನ್ ಸ್ಟಾರ್ಟ್ ಮಾಡಿದೆವು. ಹಿಂದಿನ ಸ್ಪೀಕರುಗಳಿಂದ "ಕುಂಯ್ಯ್" ಅಂತ ಸುರುವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಮೇಲೆ ಮೇಲೆ.

"ಎಂತದು ಇದು, ಸೊಳ್ಳೆಯಾ?" ಹಾಜಿಯವರು ಕೇಳಿದರು. ಮತ್ತೆ ಮಗನ ಕಡೆ ತಿರುಗಿ, "ಡುಪ್ಲಿಕೇಟ್ ಮಾಲು ಹೊತ್ತುಕೊಂಡು ಬಂದಿದ್ದೀಯ."

"ಡುಪ್ಲಿಕೇಟ್ ಅಲ್ಲ ಉಪ್ಪ! ಇವರ ಕೈ ಡುಪ್ಲಿಕೇಟ್," ಮಗ ಅಪ್ಪನಿಗೆ ತಿರುಗಿ ಹೇಳಿದ.

ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಬಿಚ್ಚಲು ಹೊರಡುವವನು ಸೋತ. ನಾನು ಒಂದು ಉದ್ದ ವಯರ್ ತೆಗೆದು, ಆಂಪ್ಲಿಫೈಯರಿನ ಅರ್ತಿನಿಂದ ಹೊರಗಿಂದಲೇ ಎಳೆದು ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದೆ. ಸೊಳ್ಳೆ ಸತ್ತಿತು. ತೆಗೆದೆ, ಎದ್ದಿತು. ಅಂದರೆ ಮಾಲು ಸರಿ ಉಂಟು, ಡಿಕ್ಕಿಯ ಅರ್ತು ಸರಿಯಿಲ್ಲ. ಬೋಲ್ಟ್ ಬಿಚ್ಚಿ ಉಗುರಿನಲ್ಲಿ ಕೆರೆದು ನೋಡಿದರೆ ಡಾಮರಿನ ಹಾಗೆ ಕಪ್ಪು.

ನಮ್ಮ ಕಡೆಯ ಅಭ್ಯಾಸ ನಿಮಗೆ ಗೊತ್ತಲ್ಲ. ಶೋರೂಮಿನಿಂದ ಹೊರಬಿದ್ದ ಕಾರು ಮನೆಗೆ ಹೋಗುವ ಮೊದಲೇ ತುಕ್ಕು ಹಿಡಿಯದ ಕೋಟಿಂಗಿಗೆ ಹೋಗುತ್ತದೆ. ನಮ್ಮ ಮಳೆಗೆ ಅದು ಬೇಕು ಕೂಡ. ಹೆಚ್ಚಿನವರು ಅಡಿಗೆ ಮಾತ್ರ ಹೊಡೆಸುತ್ತಾರೆ. ಹಾಜಿಯವರು ಚೌಕಾಸಿ ಮಾಡಿ ಡಿಕ್ಕಿಯ ಒಳಗೂ ಹೊಡೆಸಿಕೊಂಡಿದ್ದರು, ಬೋಲ್ಟಿನ ತಲೆಯನ್ನೂ ಬಿಡದೆ. ಕಬ್ಬಿಣಕ್ಕೆ ಸರಿಯಾಗಿ ತಾಗದ ವಯರಿಗೆ ಒಳ್ಳೆಯ ಅರ್ತು ಎಲ್ಲಿಂದ ಸಿಗಬೇಕು?

"ಇಲ್ಲಿ ಸ್ವಲ್ಪ ಉಜ್ಜಬೇಕು," ಅಂದೆ.

"ಕೋಟಿಂಗ್ ಉಜ್ಜುವುದಾ? ಹುಚ್ಚಾ ನಿನಗೆ? ನಾಳೆ ತುಕ್ಕು ಹಿಡಿದರೆ?" ಹಾಜಿಯವರು ಡಿಕ್ಕಿಗೆ ಅಡ್ಡ ನಿಂತರು. "ಬಿಚ್ಚು ಎಲ್ಲ. ಸಾಕು."

ಮಗ ತಲೆಗೆ ಕೈಯಿಟ್ಟ. ಬಿಚ್ಚಿದರೆ ಇವರು ಮಾತ್ರ ಹೋಗುವುದಲ್ಲ, "ಕಂಪನಿ ಸೆಟ್ಟಿಗೆ ಅವನ ಕೈಯಲ್ಲಿ ಆಗುವುದಿಲ್ಲ" ಅನ್ನುವ ಮಾತು ನನಗಿಂತ ಮೊದಲು ಬೆಳ್ತಂಗಡಿ ತಲುಪುತ್ತದೆ. ಆದರೆ ಬೇಡ ಅಂದವರ ಹತ್ತಿರ ವಾದ ಮಾಡಬಾರದು, ಮಾಲು ತೋರಿಸಬೇಕು.

"ಬಿಚ್ಚುವ. ಅದಕ್ಕೆ ಮೊದಲು ನಿಮ್ಮ ಇಷ್ಟದ್ದು ಒಂದು ಹಾಕಿ," ಅಂದು ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

ಅವರು ಡ್ಯಾಶಿನ ಪೆಟ್ಟಿಗೆಯಿಂದ ಹಳೆಯ ದಫ್ ಹಾಡಿನ ಕ್ಯಾಸೆಟ್ ತೆಗೆದರು. ನಾನು ಉದ್ದ ವಯರನ್ನು ಬ್ಯಾಟರಿಗೆ ಒತ್ತಿ ಹಿಡಿದೆ. ಇಂಜಿನ್ ಓಡುತ್ತಿತ್ತು. ದಫ್ಫಿನ ಚರ್ಮಕ್ಕೆ ಕೈ ಬಿದ್ದಾಗಲೆಲ್ಲ ಪೆಟ್ಟು ಸೀಟಿನ ಬೆನ್ನಿಗೆ ಬಂದು ತಾಗುತ್ತಿತ್ತು. ಹಾಜಿಯವರ ಬೆರಳುಗಳು ಸ್ಟೇರಿಂಗಿನ ಮೇಲೆ ತಾಳ ಹಿಡಿದವು, ಅದೂ ಗೊತ್ತಿದ್ದವನ ತಾಳ.

"ಉಪ್ಪ ಸಣ್ಣದಿರುವಾಗ ದಫ್ ತಂಡದಲ್ಲಿ ಇದ್ದರು," ಮಗ ಪಿಸುಗುಟ್ಟಿದ.

ಪೆಟ್ಟು ಜೋರಾಗುವ ಜಾಗಕ್ಕೆ ಸರಿಯಾಗಿ ನಾನು ವಯರ್ ಎತ್ತಿದೆ. ಸೊಳ್ಳೆ ಬಂತು.

"ಏ ಮಾರಾಯ, ಹಿಡಿ ಅದನ್ನು!" ಹಾಜಿಯವರು ಬೊಬ್ಬೆ ಹಾಕಿದರು.

"ಕೈಯಲ್ಲಿ ಹಿಡಿದುಕೊಂಡು ಬಂಟ್ವಾಳದವರೆಗೆ ಓಡಿ ಬರಲಿಕ್ಕೆ ಆಗ್ತದಾ ಹಾಜಿಯವರೇ?"

ಅವರು ಕ್ಯಾಸೆಟ್ ನಿಲ್ಲಿಸಿ ಕಾರಿನಿಂದ ಇಳಿದರು. "ಎಷ್ಟು ಉಜ್ಜಬೇಕು?"

"ಒಂದು ರೂಪಾಯಿ ನಾಣ್ಯದಷ್ಟು. ಬಿಗಿದ ಮೇಲೆ ಗ್ರೀಸ್ ಮೆತ್ತಿ, ಮೇಲಿಂದ ಕೋಟಿಂಗ್ ನಾನೇ ಹಚ್ಚಿ ಕೊಡ್ತೇನೆ. ತುಕ್ಕು ಕಂಡರೆ ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿ."

ಮುಗಿಯುವವರೆಗೆ ಹಾಜಿಯವರು ಡಿಕ್ಕಿಯೊಳಗೆ ತಲೆ ಹಾಕಿಕೊಂಡೇ ಇದ್ದರು. ಉಜ್ಜುವ ಕಾಗದ ಆ ನಾಣ್ಯದಷ್ಟು ಜಾಗದಿಂದ ಹೊರಗೆ ಜಾರಿದರೆ "ಹಾ, ಹಾ" ಅನ್ನುವುದು. ಕಬ್ಬಿಣ ಬೆಳ್ಳಗೆ ಹೊಳೆಯಿತು, ವಯರ್ ಕೂತಿತು, ಇಂಜಿನ್ ಎಷ್ಟು ಕಿರುಚಿದರೂ ಹಾಡು ಬಿಟ್ಟರೆ ಬೇರೆ ಸದ್ದಿಲ್ಲ.

ಮಗ ಖುಷಿಯಲ್ಲಿ ಕಂಬಳಿ ಮಡಚುತ್ತಿದ್ದ. ಹಾಜಿಯವರು ನನ್ನನ್ನು ಪಕ್ಕಕ್ಕೆ ಕರೆದು, ಧ್ವನಿ ತಗ್ಗಿಸಿ ಕೇಳಿದರು:

"ಅಳಿಯನದ್ದು ಒಂದು ಕಾರು ಉಂಟು, ತಮ್ಮನದ್ದು ಇನ್ನೊಂದು. ಎರಡಕ್ಕೂ ಒಟ್ಟಿಗೆ ಆದರೆ ರೇಟು ಎಂತ ಹೇಳ್ತೀಯ?"

ಒಳಗೊಳಗೆ ಕುಣಿಯುವಷ್ಟಾಯಿತು. ಆದರೂ ಕೋಟಿಂಗಿಗೂ ಚೌಕಾಸಿ ಮಾಡಿದವರಿಗೆ ಕಾರು ನೋಡದೆ ರೇಟು ಹೇಳಲಿಲ್ಲ.

"ಕಾರು ತನ್ನಿ ಹಾಜಿಯವರೇ, ನೋಡುವ," ಅಂದೆ.