ಅಳಿಸಿಬಿಡ್ತೀನಿ ಅಂದವಳ ಎಂಟು ಹಾಡುಗಳು

ಹಾಡು ಕೇಳಲು ಹೆದರುವ ಹೆಂಗಸನ್ನು ನೀವು ನೋಡಿಲ್ಲವಾದರೆ ಹೊಸಪೇಟೆಗೆ ಬನ್ನಿ, ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ. ಹಲ್ಲಿಗೆ, ಗುಡುಗಿಗೆ, ಬೈಪಾಸಿನಲ್ಲಿ ಎದುರಿಗೆ ನುಗ್ಗಿ ಬರುವ ಅದಿರಿನ ಲಾರಿಗೆ ನಾನು ಹೆದರುತ್ತೇನೆಂಬುದು ಬೀದಿಗೆಲ್ಲ ಗೊತ್ತಿದ್ದದ್ದೇ. ಆದರೆ ಹೆಚ್ಚೂಕಡಿಮೆ ಅರ್ಧ ಆಯುಷ್ಯ ಸುಗಮ ಸಂಗೀತದ ಪಾಠ ಹೇಳಿಕೊಂಡು ಬಂದವಳು, ಮೊಬೈಲಿಗೆ ಬಂದ ಎಂಟು ಹಾಡುಗಳಿಗೆ ಹೆದರಿ, ಫೋನನ್ನು ಟೀಪಾಯಿಯ ಮೇಲೆ ಬೋರಲು ಹಾಕಿ ಅದರ ಎದುರು ಸುಮ್ಮನೆ ಕೂತಿದ್ದೆ ಎಂದರೆ ನನಗೇ ನಾಚಿಕೆಯಾಗುತ್ತದೆ.

ಹಾಡು ಕಳಿಸಿದವಳು ನನ್ನ ತಮ್ಮನ ಮಗಳು ಶಿವಲೀಲಾ. ತಮ್ಮ ಬಸವರಾಜ ದೋಣಿಮಲೈಯ ಗಣಿಯಲ್ಲಿ ಡಂಪರ್ ಓಡಿಸುತ್ತಾನೆ. ಹುಡುಗಿ ಹುಟ್ಟಿ ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಈಗ ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಅಲ್ಲಿಗೆ ಬರುವವರು ಕಡಿಮೆ. ಖಾಲಿ ಬಿದ್ದ ಕೋಣೆಯೊಂದರ ಕಿಟಕಿಗೆ ರಗ್ಗು ಕಟ್ಟಿ, ಕಂಪ್ಲಿಯ ಗೆಳತಿಯ ಗಿಟಾರು, ಒಂದು ಸಣ್ಣ ಕೀಬೋರ್ಡು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ಇವಳು ಆಲ್ಬಂ ಮಾಡಿದ್ದಾಳೆ. ಮಾತೂ ಅವಳದೇ, ರಾಗವೂ ಅವಳದೇ.

"ಇದಕ್ಕ ಡ್ರೀಮ್ ಪಾಪ್ ಅಂತಾರ, ಅತ್ತಿ. ಕಣ್ಣು ಮುಚ್ಚಿಕೊಂಡು ಕೇಳಬೇಕು," ಎಂದು ಫೋನಿನಲ್ಲಿ ಹೇಳಿದಳು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಅಪ್ಪಗ ಇನ್ನಾ ಕೇಳಿಸಿಲ್ಲ. ಮೊದಲು ನೀ ಕೇಳು. ನೀ ಚಲೋ ಐತಿ ಅಂದ್ರ ಅಪ್ಪಗ ಕೇಳಸ್ತೀನಿ, ಆಮ್ಯಾಲ ಹೊರಗ ಬಿಡ್ತೀನಿ. ಇಲ್ಲಂದ್ರ ಎಲ್ಲಾ ಅಳಿಸಿಬಿಡ್ತೀನಿ."

"ಅಳಸೋದು ಯಾಕಲೇ ಹುಡುಗಿ?"

"ಅಳಸ್ತೀನಿ ಅಂದ್ರ ಅಳಸ್ತೀನಿ."

ಅದು ನಮ್ಮ ಮನೆತನದ ಹಟ, ನನಗೆ ಗುರುತು ಸಿಗದೆ ಇರುತ್ತದೆಯೆ? ಅಳಿಸಿಯೇ ಬಿಡುತ್ತಾಳೆ ಎಂದು ಗೊತ್ತಾಗಿಯೇ ಫೋನನ್ನು ಬೋರಲು ಹಾಕಿದ್ದು.

ಹಾಗೆಂದು ನಾನು ತೀರ್ಪು ಕೊಟ್ಟು ಗೊತ್ತಿಲ್ಲದವಳೇನಲ್ಲ. ಸಂಡೂರು, ಕಂಪ್ಲಿ ಕಡೆ ಭಾವಗೀತೆ ಸ್ಪರ್ಧೆ, ಭಜನೆ ಸ್ಪರ್ಧೆ ಏನೇ ಇರಲಿ, ತೀರ್ಪುಗಾರರ ಕುರ್ಚಿಯೊಂದರಲ್ಲಿ ನಾನಿರುತ್ತೇನೆ. ಶ್ರುತಿಗಿಷ್ಟು, ಲಯಕ್ಕಿಷ್ಟು, ಸಾಹಿತ್ಯಕ್ಕಿಷ್ಟು ಎಂದು ಅಂಕ ಹಾಕಿ, ಶಾಲು ಹೊದಿಸಿಕೊಂಡು, ಆರಿದ ಉಪ್ಪಿಟ್ಟು ತಿಂದು, ಸೋತ ಮಕ್ಕಳ ತಾಯಂದಿರು ನನ್ನನ್ನು ಹುಡುಕುವಷ್ಟರಲ್ಲಿ ಬಸ್ಸು ಹತ್ತಿಬಿಡುತ್ತೇನೆ. ಆ ಮಕ್ಕಳ ಮುಖ ಮತ್ತೆ ನೋಡಬೇಕಾಗಿಲ್ಲ ಎಂಬುದೇ ನನ್ನ ನಿಷ್ಪಕ್ಷಪಾತದ ಗುಟ್ಟು. ಶಿವಲೀಲಾಳ ಮುಖ ಹಬ್ಬಕ್ಕೊಮ್ಮೆ ನೋಡಬೇಕು. ನಮ್ಮ ಹಳೆಯ ಶಾಸ್ತ್ರಕಾರರು ನವರಸ ಎಣಿಸುವಾಗ ಭಯಾನಕಕ್ಕೂ ಒಂದು ಜಾಗ ಕೊಟ್ಟರು. ಪಾಳುಮನೆ, ಕಾಡು, ಭೂತ, ಅರಸನ ಸಿಟ್ಟು ಎಂದೆಲ್ಲ ಕಾರಣ ಹೇಳಿದರು. ತಮ್ಮನ ಮಗಳ ಆಲ್ಬಂ ಎಂದು ಯಾರೂ ಬರೆಯಲಿಲ್ಲ. ಪಾಪ, ಅವರಿಗೆ ಸೋದರ ಸೊಸೆಯರು ಇರಲಿಲ್ಲವೋ ಏನೋ.

ಕಡೆಗೆ ಧೈರ್ಯ ಮಾಡಿ ಹಾಡು ಹಚ್ಚಿದೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, "ಇನ್ನಾ ಶುರು ಆಗಿಲ್ಲೇನು?" ಎಂದರು.

"ಮೂರನೇದು ನಡದೈತಿ."

"ಹಂಗಾರ ಫೋನ್ ಕೆಟ್ಟೈತಿ ಬಿಡು."

ಅವರದು ತಪ್ಪಲ್ಲ. ನಮ್ಮ ಸೀಮೆಯಲ್ಲಿ ಹಾಡು ಅಂದರೆ ಎದೆಗೂಡು ನಡುಗಬೇಕು. ಕಂಪ್ಲಿಯ ಕಾಲುವೆ ರಸ್ತೆಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರಿನ ಹಾಡು ಮೊದಲು ಬರುತ್ತದೆ, ಟ್ರ್ಯಾಕ್ಟರು ಆಮೇಲೆ ಬರುತ್ತದೆ. ಇವಳ ಹಾಡೋ, ಬಾಗಿಲಲ್ಲಿ ಬಂದು ನಿಂತು ಒಳಗೆ ಬರಲೋ ಬೇಡವೋ ಎನ್ನುತ್ತಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದೆ. ಗಿಟಾರು ನೀರಿನೊಳಗಿಂದ ಕೇಳಿದಂತಿದೆ. ಕೀಬೋರ್ಡಿನ ಒಂದೇ ಸ್ವರ ಹಿಂದೆ ಮಂಜಿನ ಹಾಗೆ ನಿಂತುಬಿಟ್ಟಿದೆ. ಹುಡುಗಿ ತನ್ನ ದನಿಯ ಮೇಲೆ ತನ್ನದೇ ದನಿಯನ್ನು ಎರಡು ಮೂರು ಪದರ ಹೊದಿಸಿದ್ದಾಳೆ. ಶ್ರುತಿಗೆ ಬೊಟ್ಟು ಮಾಡುವಂತಿಲ್ಲ. ಲಯಕ್ಕೆ ಆಕಳಿಕೆ. ಐದನೆಯ ಹಾಡು ಮುಗಿಯಬೇಕಾದಲ್ಲಿ ಮುಗಿಯದೆ ಅಲ್ಲೇ ಸುತ್ತುತ್ತದೆ. ಮಾತು ಅರ್ಧಕ್ಕರ್ಧ ನುಂಗಿದ್ದಾಳೆ. ನನ್ನ ಬಳಿ ಕಲಿಯುವ ಮಕ್ಕಳಾಗಿದ್ದರೆ "ಬಾಯಿ ತೆಗೆದು ಹಾಡ್ರಿ" ಎಂದು ಗದರುತ್ತಿದ್ದೆ.

ಎರಡನೇ ಸಲ ಕೇಳುವಾಗ ನುಂಗಿದ ಮಾತುಗಳು ಒಂದೊಂದೇ ಬಿಡಿಸಿಕೊಂಡವು. ನಿಜವಾದ ಭಯ ಶುರುವಾದದ್ದು ಆಗ. ಒಂದು ಹಾಡಿನಲ್ಲಿ ಬಾಗಿಲ ಚಿಲಕಕ್ಕೆ, ಸದ್ದು ಮಾಡಬೇಡ ಎನ್ನುತ್ತಾಳೆ. ಇನ್ನೊಂದರಲ್ಲಿ ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು ಪಡಸಾಲೆ ದಾಟುತ್ತಾಳೆ. ಮತ್ತೊಂದರಲ್ಲಿ ಉಸಿರಿಗೇ, ಮೆಲ್ಲಗೆ, ಎಚ್ಚರಾದೀತು ಎನ್ನುತ್ತಾಳೆ. ಅತ್ತೆಯಾದವಳ ತಲೆ ಎಲ್ಲಿಗೆ ಓಡುತ್ತದೆ ಹೇಳಿ? ಯಾರ ಜೊತೆ ಹೊರಟಿದ್ದಾಳೆ? ಹಂಪಿಯಲ್ಲಿ ಯಾರಾದರೂ ಹೆದರಿಸುತ್ತಿದ್ದಾರೆಯೆ? ಹುಡುಗಿ ಕಷ್ಟದಲ್ಲಿದ್ದು, ಹೇಳಲಾರದೆ ನನಗೆ ಹಾಡು ಕಳಿಸಿದ್ದಾಳೆಯೆ? ನೇರ ಕೇಳಿದರೆ ಅಳಿಸಿಬಿಡುತ್ತಾಳೆ, ಕೇಳದಿದ್ದರೆ ಏನಾಗುತ್ತದೋ! ಹೆತ್ತವರಿಗೆ ಏನಾದರೂ ಗೊತ್ತಿದೆಯೋ ನೋಡೋಣವೆಂದು ಮರುದಿನ ಬೆಳಿಗ್ಗೆಯೇ ದೋಣಿಮಲೈಯ ಬಸ್ಸು ಹಿಡಿದೆ.

ತಮ್ಮನ ಮನೆ ಬಾಗಿಲಿಗೆ ಅವನ ಹೆಲ್ಮೆಟ್ ತೂಗುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸು ಒಳಗೆ ಮಲಗಿದ್ದಾನೆಂದು ಆ ಕ್ವಾರ್ಟರ್ಸಿನ ಸಾಲಿನಲ್ಲಿ ಅದೇ ಗುರುತು. ಅದನ್ನು ಕಂಡರೆ ಸೊಪ್ಪಿನವಳು ಕೂಗು ನಿಲ್ಲಿಸಿ ಸುಮ್ಮನೆ ಮುಂದೆ ಹೋಗುತ್ತಾಳೆ, ಪಕ್ಕದ ಮನೆಯವರು ಟಿವಿ ಸಣ್ಣಗೆ ಮಾಡುತ್ತಾರೆ. ತಮ್ಮನ ಹೆಂಡತಿ ಗೌರಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡೇ, "ಬರ್ರಿ ಅಕ್ಕಾರ, ಕುಂದ್ರಿ," ಎಂದು ಪಿಸುಗುಟ್ಟಿದಳು. ಅವಳು ನಳವನ್ನು ದಾರದಷ್ಟು ಸಣ್ಣಗೆ ಬಿಟ್ಟು ಬಿಂದಿಗೆ ತುಂಬಿಸಿದಳು. ಸೀಟಿ ಹೊಡೆದೀತೆಂದು ಕುಕ್ಕರ್ ಇಡದೆ, ಬೇಳೆಯನ್ನು ಪಾತ್ರೆಯಲ್ಲಿ ಬೇಯಲು ಇಟ್ಟಳು. ಚಿಲಕವನ್ನು ಎರಡು ಬೆರಳಲ್ಲಿ ಎತ್ತಿ, ಹಾಗೇ ಇಳಿಸಿದಳು.

ಚಿಲಕ! ನಾನು ಗೋಡೆಗೊರಗಿ ಕೂತು, ಇಯರ್‌ಫೋನ್ ಹಾಕಿಕೊಂಡು ಮತ್ತೆ ಮೊದಲ ಹಾಡಿನಿಂದ ಕೇಳಿದೆ. ಹೊಸಪೇಟೆಯ ನಮ್ಮ ಮನೆಯಲ್ಲಿ ಕೇಳಿಸದಿದ್ದದ್ದು ಇಲ್ಲಿ ತುಂಬಿಕೊಂಡು ಕೇಳಿಸಿತು. ಈ ಮನೆಯಲ್ಲಿ ಅದು ಸಣ್ಣ ದನಿಯೇ ಅಲ್ಲ, ಇಲ್ಲಿಯವರು ಮಾತಾಡುವುದೇ ಅಷ್ಟರಲ್ಲಿ. ಹುಡುಗಿ ಯಾರೊಂದಿಗೂ ಓಡಿಹೋಗುತ್ತಿರಲಿಲ್ಲ. ಅಪ್ಪ ಮಲಗಿದ ಮನೆಯಲ್ಲಿ ಓಡಾಡುತ್ತಿದ್ದಳು. ನನ್ನ ಮೈಮೇಲಿನ ಒಂದು ಹೆದರಿಕೆ ಇಳಿಯಿತು. ಅಯ್ಯೋ ನನ್ನ ಹುಡುಗಿಯೇ ಎಂದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಬಸವರಾಜ ಎದ್ದು ಬಂದು ಎದುರಿಗೇ ನಿಂತಿದ್ದ.

"ಲೀಲಾನ ಹಾಡೇನು? ನಿನಗ ಕಳಿಸ್ಯಾಳಂತ, ಅವರವ್ವ ಹೇಳಿದ್ಲು. ಕೊಡು ಇಲ್ಲಿ."

ಇಯರ್‌ಫೋನು ಬಿಚ್ಚಿ ಫೋನಿನ ಸಮೇತ ಕೊಟ್ಟೆ. ಅವನು ಚಾಪೆಯ ಮೇಲೆ ಕೂತು, ತಲೆ ಬಗ್ಗಿಸಿ, ಒಂದು ಹಾಡು ಪೂರ್ತಿ ಕೇಳಿದ. ಅವನ ಮುಖ ಸಣ್ಣದಾಗುತ್ತ ಹೋಯಿತು.

"ಅಕ್ಕಾ, ಯಾಕ ಇಷ್ಟು ಸಣ್ಣಗ ಹಾಡ್ಯಾಳ? ನನಗ ಅಂಜಿ ಹಂಗಾದಳೇನು? ನಾ ಅಕಿಗಿ ಒಂದು ದಿನಾನೂ ಬೈದಿಲ್ಲಲ್ಲ."

ಜೋರಾಗಿ ನಕ್ಕರೆ ತಪ್ಪು ಎನ್ನುವ ಮನೆಯಲ್ಲಿ ಒಂದು ಹುಡುಗಿಯ ಇಡೀ ಬಾಲ್ಯ ಕಳೆದಿದ್ದರೆ, ಅವಳು ಅಂಜಲಿಲ್ಲ ಎಂದು ನಾನು ಹೇಗೆ ಹೇಳಲಿ? "ಇನ್ನೊಮ್ಮಿ ಹಚ್ಚು," ಎಂದ. ಹಚ್ಚಿದೆ. ಗೋಡೆಯ ಕಡೆ ತಿರುಗಿ ಮಲಗಿಕೊಂಡ. ಅಳುತ್ತಿದ್ದಾನೇನೋ ಎಂದು ಬಗ್ಗಿ ನೋಡಿದರೆ ಎರಡನೆಯ ಹಾಡಿಗೇ ಗೊರಕೆ ಬಂದಿತ್ತು.

ಈಗ ನನ್ನ ಗತಿ ನೋಡಿ. ಅನುಮತಿಯಿಲ್ಲದೆ ಅಪ್ಪನಿಗೆ ಕೇಳಿಸಿದ್ದೇನೆ, ಅವನು ಕೇಳಬಾರದ ಪ್ರಶ್ನೆ ಕೇಳಿ ನಿದ್ದೆ ಹೋಗಿದ್ದಾನೆ. ಇಷ್ಟನ್ನೂ ಆ ಹಟಮಾರಿಗೆ ಹೇಳಬೇಕು, ಹೇಳಿದ ಕೂಡಲೇ ಅವಳ ಬೆರಳು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಹಿತ್ತಲಿನ ನುಗ್ಗೆ ಗಿಡದ ಕೆಳಗೆ ನಿಂತು ಗೌರಮ್ಮನ ಫೋನಿನಿಂದ ಶಿವಲೀಲಾಗೆ ಮಾಡಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

"ಅಳಸಬ್ಯಾಡವಾ ತಾಯಿ," ಎಂದೆ.

"ಅಂಜಿಕಿ ಇತ್ತು, ಅತ್ತಿ," ಎಂದಳು. "ಅಪ್ಪಗ ಅಂಜಿದ್ದಲ್ಲ. ಅವನ ನಿದ್ದಿ ಕೆಟ್ರ, ರಾತ್ರಿ ಆ ಗುಡ್ಡದ ದಾರ್ಯಾಗ ಡಂಪರ್ ಹೆಂಗ ಹೊಡೀತಾನ ಅಂತ ಅಂಜಿಕಿ. ಸಣ್ಣಾಕಿ ಇದ್ದಾಗ ನನಗ ಅದೊಂದ ಚಿಂತಿ. ಅವ್ವ ನಳ ಸಣ್ಣಗ ಬಿಡ್ತಿದ್ಲು, ನಾ ಸಣ್ಣಗ ಹಾಡ್ತಿದ್ದೆ. ಈಗ ದೊಡ್ಡದು ಮಾಡಂದ್ರ ಬರೂದಿಲ್ಲ. ಅದಕ್ಕ ನಿನಗ ಕೇಳಿದೆ, ಇದು ಹಾಡು ಹೌದೋ ಅಲ್ಲೋ ಅಂತ."

"ಹೌದು," ಎಂದೆ. "ಐದನೇದು ಅರ್ಧಾ ಕತ್ತರಿಸು. ಉಳಿದದ್ದೆಲ್ಲಾ ಹಾಡು."

"ಅಪ್ಪ ಈಗ ನಿಜವಾಗ್ಲೂ ಮಲಗ್ಯಾನೇನು?"

"ಗೊರಕಿ ಹೊಡ್ಯಾಕತ್ಯಾನ."

"ಎಬ್ಬಿಸಬ್ಯಾಡ," ಎಂದು ಫೋನ್ ಇಟ್ಟಳು.

ಬಸವರಾಜ ಎದ್ದಾಗ ಬಿಸಿಲು ಇಳಿದಿತ್ತು. ಮಗಳು ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ. ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ. ಚಹಾ ಕುಡಿದ. ಬೂಟಿನ ಲೇಸು ಕಟ್ಟುತ್ತ, ತಲೆ ಎತ್ತದೆಯೇ, "ಅಕಿಗಿ ಹೇಳು ಅಕ್ಕಾ, ನಿದ್ದಿ ಭಾಳ ಚಲೋ ಬಂತು ಅಂತ," ಎಂದು ಪಾಳಿಯ ಬಸ್ಸಿಗೆ ಹೊರಟುಹೋದ.

ಅದನ್ನು ಒಂದಕ್ಷರ ಸೇರಿಸದೆ ಅವಳಿಗೆ ಮುಟ್ಟಿಸಿದೆ. ಅಳಿಸುವ ಮಾತು ಆಮೇಲೆ ಬರಲಿಲ್ಲ. ಹಾಡು ಕೇಳುತ್ತ ಕೇಳುಗ ನಿದ್ದೆ ಹೋದನೆಂದು ಫೋನಿನಲ್ಲಿ ಕುಣಿದಾಡಿದ ಹಾಡುಗಾರ್ತಿಯೆಂದರೆ ನನ್ನ ಅನುಭವದಲ್ಲಿ ಇವಳೊಬ್ಬಳೇ.