ಸದ್ದು ಮಾಡದ ಮುಚ್ಚಳ

ಹೋದ ಭಾನುವಾರ ಹಾಡು ಕೇಳುತ್ತಿದ್ದಾಗ ಆಂಪ್ಲಿಫೈಯರ್‌ನಿಂದ ಏನೋ ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸಿ, ತಣ್ಣಗಾಗಲು ಬಿಟ್ಟು, ಮೇಲಿನ ತಗಡಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದೆ. ಮುಚ್ಚಳ ಕೈಗೆ ಬಂದಾಗ ಎದುರುಮನೆಯ ಮೇಷ್ಟ್ರು ನೆನಪಾದರು...

ವಿದ್ಯಾರಣ್ಯಪುರಂನ ನಮ್ಮ ಬೀದಿಗೆಲ್ಲ ಅವರು ಡ್ರಾಯಿಂಗ್ ಮೇಷ್ಟ್ರು. ಪಾಲಿಟೆಕ್ನಿಕ್‌ನಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುವುದನ್ನು ಕಲಿಸಿ ನಿವೃತ್ತರಾದವರು. ನಮ್ಮ ಬಾಗಿಲ ರಂಗೋಲಿಯ ಗೆರೆ ಓರೆಯಾಗಿದ್ದರೂ ನಿಂತು, ಹೇಳಿಯೇ ಮುಂದೆ ಹೋಗುತ್ತಿದ್ದರು. ನಿವೃತ್ತಿಯ ನಂತರ ಅವರ ಬಲಗೈ ನಡುಗಲು ಶುರುವಾಯಿತು. ಅದನ್ನು ಸದಾ ಶಾಲಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಪೆನ್ಸಿಲ್ ಮುಟ್ಟುವುದನ್ನು ಬಿಟ್ಟಿದ್ದರು. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ದಿನ ನಮ್ಮ ಗೇಟಿನ ಬಳಿ ನಿಂತು, “ಗೆರೆ ಎಳೆಯೋದು ಕಲಿಸ್ದೋನೇ ಹೆಬ್ಬೆಟ್ಟಾಗ್ಬುಟ್ಟೆ ಕಣಮ್ಮ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನನಗೆ ಆಂಪ್ಲಿಫೈಯರ್ ಕಟ್ಟುವ ಹುಚ್ಚು. ಹೆಂಗಸಿಗೆ ಇದೆಂಥ ಹವ್ಯಾಸ ಎಂದವರ ಮನೆಯ ರೇಡಿಯೊ ರಿಪೇರಿ ಮಾಡಿಕೊಟ್ಟು ಬಾಯಿ ಮುಚ್ಚಿಸಿದ್ದೇನೆ. ಆಗ ಇದೇ ಆಂಪ್ಲಿಫೈಯರ್‌ನ ಒಳಗಿನ ಸರ್ಕ್ಯೂಟ್ ಸಿದ್ಧವಿತ್ತು, ಪೆಟ್ಟಿಗೆ ಇರಲಿಲ್ಲ. ಕಂಪ್ಯೂಟರ್ ಡ್ರಾಯಿಂಗ್ ಕೊಟ್ಟರೆ ತಗಡು ಕತ್ತರಿಸಿ, ಮಡಚಿ ಕೊಡುತ್ತೇವೆ ಎಂದು ಕಡಕೊಳದ ವರ್ಕ್‌ಶಾಪ್ ಒಂದರಲ್ಲಿ ಹೇಳಿದರು. ಹಾಗಾಗಿ ವಿಡಿಯೊ ನೋಡಿಕೊಂಡು, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿಯಲು ಕೂತೆ. ವಿಷಯ ತಿಳಿದು ಮೇಷ್ಟ್ರು ನನ್ನ ತಪ್ಪು ಹಿಡಿಯಲು ಬಂದರು. ಬಂದವರು ಸ್ವಲ್ಪ ಹೊತ್ತಿನಲ್ಲೇ ಮೌಸ್ ಕೇಳಿದರು.

ಅವರ ಕೈಯಲ್ಲಿ ಬಾಣದ ಗುರುತು ಬೆಲ್ಲ ಕಂಡ ನೊಣದ ಹಾಗೆ ಪರದೆಯ ತುಂಬ ಓಡಾಡಿತು. ಆದರೆ ಎರಡು ಕಡೆ ಒತ್ತಿದ್ದೇ ತಡ, ನಡುವೆ ಗೆರೆ ನೆಟ್ಟಗೆ ನಿಂತಿತು.

“ನಡುಗ್ಲಿಲ್ಲ ನೋಡು” ಎಂದರು ಮೇಷ್ಟ್ರು.

ಆ ಒಂದು ಗೆರೆಯನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ಮಾರನೆಯ ದಿನದಿಂದ ಇಬ್ಬರೂ ಜೊತೆಗೇ ಕಲಿತೆವು. ಪೆಟ್ಟಿಗೆ ನನ್ನದು, ಮುಚ್ಚಳ ಅವರದು. ಅದಕ್ಕೆ ನಾನು ಕೈ ಹಾಕಕೂಡದೆಂದು ಹಟ ಹಿಡಿದರು.

ಮಡಚುವ ಮುಂಚೆ ತಗಡನ್ನು ಎಷ್ಟು ಉದ್ದ ಕತ್ತರಿಸಬೇಕೆಂದು ಕ್ಯಾಡ್ ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಮುಚ್ಚಳದ ಮೇಲ್ಭಾಗವನ್ನೂ ಪಕ್ಕಗಳನ್ನೂ ಕೂಡಿದರೆ ಬರುವುದಕ್ಕಿಂತ ಅದು ತೋರಿಸಿದ ಉದ್ದ ಸ್ವಲ್ಪ ಕಡಿಮೆಯಿತ್ತು. ಮೇಷ್ಟ್ರಿಗೆ ರೇಗಿತು. “ಕೂಡೋಕೂ ಬರಲ್ವೇನಮ್ಮ ಇದಕ್ಕೆ?” ಎಂದು ನನ್ನ ಕೈಯಲ್ಲಿ ಡ್ರಾಯಿಂಗ್ ಹಾಳೆ ಕತ್ತರಿಸಿ ಮಡಚಿಸಿದರು. ಅವರ ಲೆಕ್ಕದಂತೆ ಕಾಗದದ ಮುಚ್ಚಳ, ಆಗಲೇ ತಯಾರಾಗಿ ಬಂದಿದ್ದ ಪೆಟ್ಟಿಗೆಯ ಮೇಲೆ ಕರಾರುವಾಕ್ಕಾಗಿ ಕೂತಿತು. ಜೀವಮಾನವೆಲ್ಲ ಅವರು ಮಕ್ಕಳಿಗೆ ಕಲಿಸಿದ್ದು ಹಾಗೆಯೇ. ಕಣ್ಣಾರೆ ಕಂಡ ಮೇಲೆ ನಾನೂ ಒಪ್ಪಿದೆ. ಕ್ಯಾಡ್ ಹೇಳಿದ ಉದ್ದವನ್ನು ತೆಗೆದುಹಾಕಿ ಅವರು ತಮ್ಮ ಉದ್ದವನ್ನೇ ಹಾಕಿದರು, ಕಡಕೊಳಕ್ಕೆ ಅದೇ ಹೋಯಿತು.

ಮುಚ್ಚಳ ಬಂದಾಗ ಪೆಟ್ಟಿಗೆಯ ಸಮೇತ ಅವರ ಮನೆಗೆ ಒಯ್ದೆ. ಮೇಲೆ ಇಟ್ಟು ನೋಡಿದರೆ ಸಡಿಲ. ಮೇಷ್ಟ್ರು ಪೆಟ್ಟಿಗೆಯನ್ನು ಕೈಗೆತ್ತಿಕೊಂಡರು. ಕೈ ನಡುಗಿದಂತೆಲ್ಲ ಮುಚ್ಚಳ ಗಡಗಡ ಎನ್ನತೊಡಗಿತು. ಶಾಲಿನೊಳಗೆ ಬಚ್ಚಿಟ್ಟಿದ್ದು ಮನೆಗೆಲ್ಲ ಕೇಳಿಸಿತು. “ಏನ್ರೀ ಅದು ಸದ್ದು?” ಎನ್ನುತ್ತ ಅಡುಗೆಮನೆಯಿಂದ ಬಂದ ಅವರ ಹೆಂಡತಿ, ನೋಡಿ ಹಾಗೆಯೇ ಹಿಂತಿರುಗಿದರು.

ಕಾರಣ ನಮಗೆ ಆಮೇಲೆ ತಿಳಿಯಿತು. ತಗಡಿಗೆ ದಪ್ಪವಿದೆ, ಮಡಚಿದ ಕಡೆ ಅದು ಕೊಂಚ ಹಿಗ್ಗುತ್ತದೆ, ಅಷ್ಟನ್ನು ಮೊದಲೇ ಕಳೆಯದಿದ್ದರೆ ಮುಚ್ಚಳ ದೊಡ್ಡದಾಗುತ್ತದೆ. ಕ್ಯಾಡ್ ಕಳೆದಿತ್ತು. “ಬರೀ ಕಾಗದದಲ್ಲೇ ಆಯಸ್ಸು ಕಳೆದ್ಬುಟ್ಟೆ” ಎಂದರು ಮೇಷ್ಟ್ರು. ಆಮೇಲೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಒಂದು ಬೆಳಿಗ್ಗೆ ಅವರ ಹೆಂಡತಿ ಬಂದು, “ಇವತ್ತು ಬರ್ತಾರಂತೆ ಕಣಮ್ಮ. ಕೈ ಮಾತ್ರ ನೋಡ್ಬೇಡ, ನೋಡಿದ್ರೆ ಇನ್ನೂ ಜಾಸ್ತಿ ಆಗುತ್ತೆ” ಎಂದರು. ಮೇಷ್ಟ್ರು ಮುಚ್ಚಳವನ್ನು ಮತ್ತೆ ಮೊದಲಿನಿಂದ ಬರೆಯತೊಡಗಿದರು, ಈ ಸಲ ಕ್ಯಾಡ್ ಹೇಳಿದ ಉದ್ದವನ್ನು ಮುಟ್ಟಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಮೌಸ್ ಸರಿಸುತ್ತಿದ್ದರು. ನನಗೆ ಒಂದು ಗಳಿಗೆಯ ಕೆಲಸ, ಅವರಿಗೆ ವಾರಗಟ್ಟಲೆ ಹಿಡಿಯಿತು. ನಾನು ಪರದೆಯನ್ನಷ್ಟೇ ನೋಡುತ್ತಿದ್ದೆ.

ಎರಡನೆಯ ಮುಚ್ಚಳ ಬರುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ದಿಂಬಿಗೆ ಒರಗಿಸಿ ಕೂರಿಸಿದೆವು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದರು. ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು, ಪೆಟ್ಟಿಗೆಯೂ ನಡುಗಿತು. ಮುಚ್ಚಳ ಮಾತ್ರ ಸದ್ದು ಮಾಡಲಿಲ್ಲ. ಅವರು ಅದರ ಮೇಲೆ ಕಿವಿಯಿಟ್ಟು ಕೇಳಿದರು.

“ಇದು ನಾನು ಬರ್ದಿದ್ದು” ಎಂದರು, ಹೆಂಡತಿಯ ಕಡೆ ತಿರುಗಿ. ಆ ದಿನ ನನಗಾದಷ್ಟು ಸಂತೋಷ ನನ್ನ ಸ್ವಂತ ಕೆಲಸದಿಂದ ಎಂದೂ ಆಗಿಲ್ಲ.

ಮೇಷ್ಟ್ರು ತೀರಿಕೊಂಡು ಕೆಲವು ವರ್ಷಗಳಾದವು. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ. ಭಾನುವಾರ ಸುಟ್ಟ ಭಾಗವನ್ನು ಬದಲಾಯಿಸಿ ಮುಚ್ಚಳ ಹಾಕಿದೆ. ಈಗ ಇನ್ನೊಂದು ಪೆಟ್ಟಿಗೆಗೆ ಡ್ರಾಯಿಂಗ್ ಮಾಡುತ್ತಿದ್ದೇನೆ. ಕ್ಯಾಡ್ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತೇನೆ, ಎಲ್ಲವೂ ಸರಿಯಾಗಿಯೇ ಬರುತ್ತದೆ... ಅದರ ಜೊತೆ ಜಗಳವಾಡಲು ಯಾರೂ ಬರುವುದಿಲ್ಲ.