ಬಣ್ಣ ಹಿಡಿಯದ ತಗಡು

ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ನಾನು ಪಕ್ಕದವರ ಮೊಬೈಲನ್ನು ತಿರುವಿ ಅದರ ಬೆನ್ನು ಸವರುತ್ತೇನೆ. ಇದು ಕೆಟ್ಟ ಚಟವೆಂದು ನನ್ನ ಗಂಡ ಎಷ್ಟೋ ಸಲ ಮೊಣಕೈಯಿಂದ ತಿವಿದಿದ್ದಾರೆ. ಏನು ಮಾಡಲಿ, ಇಪ್ಪತ್ತು ವರ್ಷಗಳಿಂದ ನನ್ನ ಕೆಲಸವೇ ಅಲ್ಯೂಮಿನಿಯಂನ ಮೈ ನೋಡುವುದು. ಧಾರವಾಡದಿಂದ ಹೈದರಾಬಾದಿಗೆ ಬಂದ ಮೇಲೆ ಉಪಕರಣ ತಯಾರಿಸುವ ಒಂದು ಕಂಪನಿಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದೆ. ನಮ್ಮ ಪೆಟ್ಟಿಗೆಗಳಿಗೂ ಮುಚ್ಚಳಗಳಿಗೂ ಸನತ್‌ನಗರದ ಒಂದು ಶೆಡ್ಡಿನಲ್ಲಿ ಆನೋಡೈಸಿಂಗ್ ಮಾಡಿಸುತ್ತಿದ್ದೆವು.

ಆನೋಡೈಸಿಂಗ್ ಎಂದರೆ ಬಣ್ಣ ಬಳಿಯುವುದಲ್ಲ. ಬಳಿದದ್ದು ಒಂದು ದಿನ ಸುಲಿದುಹೋಗುತ್ತದೆ. ಇಲ್ಲಿ ತಗಡನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹರಿಸುತ್ತಾರೆ. ಲೋಹ ತನ್ನ ಮೈಯಿಂದಲೇ ಒಂದು ಗಟ್ಟಿ ಚರ್ಮ ಬೆಳೆಸಿಕೊಳ್ಳುತ್ತದೆ. ಆ ಚರ್ಮದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಬಣ್ಣ ಅವುಗಳೊಳಗೆ ಇಳಿಯುತ್ತದೆ. ಆಮೇಲೆ ಕುದಿಯುವ ನೀರಿನಲ್ಲಿ ಅದ್ದಿದರೆ ರಂಧ್ರಗಳ ಬಾಯಿ ಮುಚ್ಚುತ್ತದೆ. ಸಂಕಟದಲ್ಲಿ ಗಟ್ಟಿಯಾಗುವ ಈ ಲೋಹದ ಬಗ್ಗೆ ಹೊಸ ಇಂಜಿನಿಯರುಗಳಿಗೆ ಭಾಷಣ ಕೊಟ್ಟಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆ ತೊಟ್ಟಿಯ ಪಕ್ಕ ನಿಲ್ಲುವ ಮನುಷ್ಯನ ಮೈಗೆ ಏನಾಗುತ್ತದೆಂಬುದು ಮಾತ್ರ ಭಾಷಣದಲ್ಲಿ ಎಂದೂ ಬಂದಿರಲಿಲ್ಲ.

ನಮ್ಮ ಶೆಡ್ಡಿನಲ್ಲಿ ಹಾಗೆ ನಿಲ್ಲುತ್ತಿದ್ದವರು ಭೀಮಣ್ಣ. ಬಾಗಲಕೋಟೆ ಕಡೆಯವರು. ಉಳಿದವರೊಡನೆ ತೆಲುಗು, ನನ್ನೊಡನೆ ಕನ್ನಡ. ಮಾತಾಡುವಾಗ ಟವೆಲ್ಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಹೆಂಗಸರ ಮುಂದೆ ಸಂಕೋಚವಿರಬೇಕೆಂದು ಒಂಬತ್ತು ವರ್ಷ ನಾನು ತಿಳಿದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಕಪ್ಪು ಮುಚ್ಚಳಗಳ ಒಂದು ಲಾಟು ಕೆಟ್ಟುಹೋಯಿತು. ಬಣ್ಣ ತೇಪೆ ತೇಪೆಯಾಗಿ ಹಿಡಿದಿತ್ತು. ಶೆಡ್ಡಿಗೆ ಹೋಗಿ, ಚರ್ಮದ ದಪ್ಪ ಅಳೆಯುವ ಮೀಟರನ್ನು ಒಂದೊಂದರ ಮೇಲೂ ಇಟ್ಟು, ಅಂಕಿ ಬರೆದುಕೊಂಡು, ಅಷ್ಟನ್ನೂ ತಿರಸ್ಕರಿಸಿದೆ. ಎರಡನೆಯ ಲಾಟೂ ಹಾಗೆಯೇ ಬಂತು. ವರದಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂದು ಬರೆದೆ. ಎರಡೇ ಶಬ್ದ, ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮುಂದಿನ ವಾರ ಹೋದಾಗ ತೊಟ್ಟಿಯ ಬಳಿ ಬೇರೆ ಯಾರೋ ನಿಂತಿದ್ದರು. “ಮನಿಷಿನಿ ಮಾರ್ಚೇಶಾನು ಮೇಡಂ,” ಎಂದರು ಮಾಲೀಕರು ತೆಲುಗಿನಲ್ಲಿ, ನನ್ನನ್ನು ಸಂತೋಷಪಡಿಸುವ ದನಿಯಲ್ಲಿ. ಆಳನ್ನೇ ಬದಲಿಸಿಬಿಟ್ಟಿದ್ದರು. ಹೊಸಬರ ಕೈಯಿಂದ ಬಂದ ಮುಚ್ಚಳಗಳೂ ತೇಪೆ ತೇಪೆಯಾಗಿಯೇ ಇದ್ದವು.

ಆಗ ಅನುಮಾನ ಬಂದು ತಗಡಿನ ತುಂಡನ್ನೇ ಪರೀಕ್ಷೆಗೆ ಕಳಿಸಿದೆ. ನಮ್ಮದೇ ಗೋದಾಮಿನಲ್ಲಿ ಎರಡು ಜಾತಿಯ ತಗಡು ಬೆರೆತಿತ್ತು. ನಾವು ಕಳಿಸಿದ್ದರಲ್ಲಿ ತಾಮ್ರ ಹೆಚ್ಚು. ಅಂಥ ತಗಡಿನ ಮೇಲೆ ಆ ಚರ್ಮ ಸರಿಯಾಗಿ ಬೆಳೆಯುವುದೇ ಇಲ್ಲ.

ಭೀಮಣ್ಣನವರ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ. ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಹೆಂಡತಿ ಶಾಂತವ್ವ ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಸಿ ಕೊಡುತ್ತಿದ್ದರು. ಟವೆಲ್ಲು ಗೂಟಕ್ಕೆ ತೂಗುತ್ತಿತ್ತು. ಭೀಮಣ್ಣನವರ ಮುಂದಿನ ಹಲ್ಲುಗಳು ಒಸಡಿನವರೆಗೂ ಸವೆದು ಕಂದು ಮೋಟುಗಳಾಗಿದ್ದವು.

ನನ್ನ ಕಣ್ಣು ಎಲ್ಲಿದೆಯೆಂದು ಶಾಂತವ್ವ ಗಮನಿಸಿದರು. “ಆಸಿಡ್ ಹೊಗಿ ತಿಂದೈತ್ರಿ. ಹನ್ನೆರಡು ವರ್ಷ ಅದರ ಮುಂದ ನಿಂತಾರ.”

“ತಪ್ಪು ನಿಮ್ಮದಲ್ರಿ ಭೀಮಣ್ಣ,” ಎಂದು ತಡವರಿಸಿದೆ. “ನಾವು ಕಳಿಸಿದ ತಗಡು ಬ್ಯಾರೆ ಇತ್ತು.”

“ಗೊತ್ತೈತ್ರಿ ಅಕ್ಕಾರ. ಕಾಸ್ಟಿಕ್ ನೀರಾಗ ತೊಳಿಯಾಕ ಹಾಕಿದ ಕೂಡ್ಲೆ ಕರ್ರಗಾತು. ದಿನದ ತಗಡು ಹಂಗ ಆಗೂದಿಲ್ಲ.”

“ಮತ್ತ ನನಗ ಹೇಳಬಾರದಿತ್ತೇನ್ರಿ?”

ಅವರು ಬಾಯಲ್ಲಿದ್ದುದನ್ನು ನುಂಗಿ ನೀರು ಕುಡಿದರು. “ಹೇಳಿದ್ನಲ್ರಿ. ಎರಡು ಸಲ ಹೇಳೀನಿ. ನೀವು ಮೀಟರ್ ನೋಡಾಕತ್ತಿದ್ರಿ.”

ನೆನಪಾಯಿತು. ಬಗಲಲ್ಲಿ ಯಾರೋ ತಗಡು ಬೇರೆ ಇದೆಯೆಂದಿದ್ದರು. “ನಿಮ್ಮ ಆಸಿಡ್ ಹಳೇದಾಗಿರಬೇಕು, ಮೊದಲ ಅದನ್ನ ನೋಡ್ರಿ,” ಎಂದಿದ್ದೆ ನಾನು. ಅನುಭವಸ್ಥೆಯ ಉತ್ತರ. ಆಗ ನನಗೇ ಮೆಚ್ಚುಗೆಯಾಗಿತ್ತು.

ಶಾಂತವ್ವ ಕೇಳಿದ್ದು ಒಂದೇ: “ಇವರದು ತಪ್ಪಿಲ್ಲಂತ ಬರದು ಕೊಡ್ರಿ.” ಅಲ್ಲೇ ಚಾಪೆಯ ಮೇಲೆ ಕುಳಿತು ಬರೆಯತೊಡಗಿದೆ. “ಹೆಸರು ಹಾಕ್ರಿ,” ಎಂದರು ಶಾಂತವ್ವ. ಪೆನ್ನು ನಿಂತಿತು. ಭೀಮಣ್ಣನವರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. “ಭೀಮಪ್ಪ ಯಮನಪ್ಪ,” ಎಂದು ಅವರೇ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು.

ಕಂಪನಿಯ ಮೊಹರು ಹಾಕಿಸಿ ಒಂದು ಪ್ರತಿಯನ್ನು ಶೆಡ್ಡಿನ ಮಾಲೀಕರಿಗೂ ಕೊಟ್ಟೆ. ಓದಿ, ಮಡಿಚಿ, ಮೇಜಿನ ಡ್ರಾಯರಿಗೆ ಹಾಕಿದರು. ಭೀಮಪ್ಪನವರನ್ನು ಮತ್ತೆ ಕರೆಯಲಿಲ್ಲ. ನಾಲ್ಕು ತಿಂಗಳು ಖಾಲಿ ಕುಳಿತ ಮೇಲೆ ಅವರಿಗೆ ಬಾಲಾನಗರದ ಇನ್ನೊಂದು ಶೆಡ್ಡಿನಲ್ಲಿ, ಅದ್ದುವ ಮೊದಲು ತುಂಡುಗಳನ್ನು ತಂತಿಯಿಂದ ಕಟ್ಟಿ ಕೊಡುವ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ತೊಟ್ಟಿ ದೂರ. ಹಲ್ಲು ಹೋದದ್ದು ಹೋಯಿತು, ಕೆಮ್ಮು ಉಳಿದಿದೆ.

ಈಗ ನಮ್ಮ ಕೆಲಸವೂ ಅದೇ ಶೆಡ್ಡಿಗೆ ಹೋಗುತ್ತದೆ. ತಿಂಗಳಿಗೆರಡು ಸಲ ಮಿಯಾಪುರದಲ್ಲಿ ಮೆಟ್ರೊ ಹತ್ತಿ ಹೋಗುತ್ತೇನೆ. ಮೀಟರಿನ ಚೀಲದ ಜಿಪ್ಪು ಬಿಚ್ಚುವ ಮೊದಲು ಅವರ ಬಳಿ ನಿಂತು, “ಈ ಸಲದ ಮಾಲು ಹೆಂಗೈತ್ರಿ, ಭೀಮಪ್ಪನವರ?” ಎಂದು ಕೇಳುತ್ತೇನೆ. ಮನಸ್ಸು ಬಂದರೆ ಹೇಳುತ್ತಾರೆ. ಕೆಲವು ದಿನ ತಂತಿ ಬಿಗಿಯುತ್ತಲೇ ಇರುತ್ತಾರೆ. ಅಂಥ ದಿನ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತುಬಿಡುತ್ತೇನೆ. ತಡವಾಗಿ ಕೇಳಲು ಕಲಿತವರು ಉತ್ತರಕ್ಕೆ ಕಾಯುವುದನ್ನೂ ಕಲಿಯಬೇಕಾಗುತ್ತದೆ. ಐವತ್ತು ದಾಟಿದ ಮೇಲೆ ಅದು ಬಹಳ ನಿಧಾನವಾಗಿ ತಲೆಗೆ ಹತ್ತುವ ವಿದ್ಯೆ.